ಯಾರೂ ತೆರೆಯದ ಅಲಗು: ಒಂದು ಹಳೆಯ ಜೇಬುಚಾಕುವಿನ ಪ್ರಕರಣ ಅಧ್ಯಯನ

ಹಳೆಯ ವಸ್ತುಗಳನ್ನು ಪರೀಕ್ಷಿಸಿ ಬೆಲೆ ಕಟ್ಟುವುದು ನನ್ನ ಕೆಲಸ. ಈ ಚಾಕು ನನ್ನ ಮೇಜಿಗೆ ಬಂದದ್ದು ಹಳೆಯ ಕನ್ನಡಕದ ಡಬ್ಬಿಯೊಂದರಲ್ಲಿ, ಹತ್ತಿ ಸುತ್ತಿಕೊಂಡು. ತಂದವರು ಮಧ್ಯವಯಸ್ಸಿನ ಒಬ್ಬರು. ಮೂವರು ಒಡಹುಟ್ಟಿದವರು ಹಿರಿಯರ ಸಾಮಾನುಗಳನ್ನು ಹಂಚಿಕೊಳ್ಳುತ್ತಿದ್ದರು. ಎಲ್ಲ ಮುಗಿದ ಮೇಲೆ ಇದೊಂದು ಉಳಿದಿತ್ತು. ಅಣ್ಣನ ಪ್ರಕಾರ ಇದು ಗುಜರಿ. ತಂಗಿ ಇಂಟರ್‌ನೆಟ್‌ನಲ್ಲಿ ಇಂಥದ್ದೇ ಚಾಕುವಿಗೆ ಯಾರೋ ಕೇಳಿದ್ದ ದೊಡ್ಡ ಬೆಲೆ ನೋಡಿ, ಇದು ನಿಧಿಯೇ ಎಂದು ನಂಬಿದ್ದರು. ನಡುವಿನವರಾದ ಇವರಿಗೆ ಜಗಳ ಬೇಡವಾಗಿತ್ತು.

"ಸರ್, ಇದು ಮೊದಲನೇ ಮಹಾಯುದ್ಧದ ಆರ್ಮಿ ಚಾಕು ಅಂತ ನಮ್ಮಜ್ಜ ಹೇಳ್ತಿದ್ರು. ಒಂಬತ್ತು ಉಪಕರಣ ಇದೆ. ನಾನೇ ಎಣಿಸಿದೀನಿ."

ಎಣಿಕೆ ಒಂಬತ್ತಲ್ಲ, ಹತ್ತು. ಆ ಹತ್ತನೆಯದರ ಮೇಲೆ ಇಡೀ ಪ್ರಕರಣ ನಿಂತಿತು.

ಮೊದಲು ಚಾಕುವಿನ ವಿವರ. ಮಡಚಿದಾಗ ಉದ್ದ 9.5 ಸೆಂಟಿಮೀಟರ್. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ತೂಕ. ಹಿಡಿಯ ಎರಡೂ ಪಕ್ಕದಲ್ಲಿ ಕಂದುಬಣ್ಣದ ಉಬ್ಬುತಗ್ಗಿನ ಪಟ್ಟಿ, ಎರಡೂ ತುದಿಗೆ ಜರ್ಮನ್ ಸಿಲ್ವರ್ (ಬೆಳ್ಳಿಯಂತೆ ಕಾಣುವ, ಬೆಳ್ಳಿಯಿಲ್ಲದ ಮಿಶ್ರಲೋಹ) ಕಟ್ಟು, ಒಳಗೆ ಹಿತ್ತಾಳೆಯ ತೆಳು ತಗಡು. ಹೊಟ್ಟೆಯ ಕಡೆಯಿಂದ ತೆರೆಯುವವು ನಾಲ್ಕು: ದೊಡ್ಡ ಅಲಗು, ಗರಿಲೇಖನಿ ಹೆರೆಯುವಂಥ ಚಿಕ್ಕ ಅಲಗು, ಗರಗಸ, ಗುಂಡಿ ಎಳೆಯುವ ಕೊಕ್ಕೆ. ಬೆನ್ನಿನ ಕಡೆ ಕಾರ್ಕ್‌ಸ್ಕ್ರೂ, ಬೈರಿಗೆ, ತೊಗಲಿಗೆ ತೂತು ಹಾಕುವ ದಬ್ಬಳ. ಅವುಗಳ ಮೇಲೆ ಬೆನ್ನುದ್ದಕ್ಕೂ ಮಲಗಿದ ಬಾಗಿದ ಕೊಕ್ಕೆ, ಕುದುರೆಯ ಗೊರಸಿಗೆ ಸಿಕ್ಕಿಕೊಂಡ ಕಲ್ಲು ತೆಗೆಯಲು. ಹಿಡಿಯ ಪಟ್ಟಿಯೊಳಗಿನ ಸೀಳಿನಲ್ಲಿ ಒಂದು ಚಿಮಟ. ಅದರ ಪಕ್ಕದ ಹಲ್ಲುಕಡ್ಡಿಯ ಸೀಳು ಖಾಲಿ.

ಇಂಥ ಚಾಕು ಕಂಡ ಕೂಡಲೇ ಜನರ ಬಾಯಲ್ಲಿ ಬರುವುದು 'ಸ್ವಿಸ್ ಆರ್ಮಿ'. ಆ ಹೆಸರು ಅಷ್ಟು ಬೇರೂರಿದೆ. ಆದರೆ ಸ್ವಿಟ್ಜರ್ಲೆಂಡಿನ ಚಾಕು ತಯಾರಕ ಕಾರ್ಲ್ ಎಲ್ಸೆನರ್ ಸೇನಾಧಿಕಾರಿಗಳಿಗೆಂದು ಮಾಡಿದ ಚಾಕುವಿನ ವಿನ್ಯಾಸವನ್ನು ನೋಂದಾಯಿಸಿದ್ದು 1897ರಲ್ಲಿ. ಅದಕ್ಕೆ ನಾಲ್ಕೂವರೆ ದಶಕ ಮೊದಲೇ, 1851ರ ಲಂಡನ್ ಮಹಾಪ್ರದರ್ಶನಕ್ಕೆ ಇಂಗ್ಲೆಂಡಿನ ಶೆಫೀಲ್ಡ್‌ ಊರಿನ ಜೋಸೆಫ್ ರಾಜರ್ಸ್ ಕಂಪನಿ 75 ಅಲಗುಗಳ 'ನಾರ್‌ಫೋಕ್ ಚಾಕು' ಮಾಡಿ ಇಟ್ಟಿತ್ತು. ಹಲವು ಉಪಕರಣಗಳನ್ನು ಒಂದೇ ಹಿಡಿಯಲ್ಲಿ ಮಡಚಿಡುವ ಹುಚ್ಚು ಇನ್ನೂ ಹಳೆಯದು. ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿ ರೋಮನ್ ಕಾಲದ ಅಂಥದ್ದೊಂದು ಬೆಳ್ಳಿಯ ವಸ್ತುವೇ ಇದೆ.

ಆರ್ಮಿ ಎಂಬ ಮಾತು ಬೇಗ ಬಿದ್ದುಹೋಯಿತು. ಬ್ರಿಟಿಷ್ ಸೈನ್ಯದ ಸರಕಿನ ಮೇಲೆ ಅಗಲ ಬಾಣದ ಗುರುತು ಒತ್ತುತ್ತಿದ್ದರು. ಇಲ್ಲಿ ಎಲ್ಲೂ ಅದಿಲ್ಲ. ಆದರೆ ಅಜ್ಜನ ಮಾತನ್ನು ಸುಳ್ಳು ಎನ್ನಲು ಅಷ್ಟು ಸಾಲದು. ಯುದ್ಧಕ್ಕೆ ಹೋದವನ ಜೇಬಿನಲ್ಲಿ ಅವನ ಅಪ್ಪನ ಕಾಲದ ಚಾಕು ಇರಬಹುದು. ವಸ್ತು ಹುಟ್ಟಿದ ವರ್ಷ ಬೇರೆ, ಮನೆಗೆ ಬಂದ ವರ್ಷ ಬೇರೆ. ಮನೆಮಂದಿ ಹೇಳುವ ಕಥೆ ಸಾಮಾನ್ಯವಾಗಿ ಎರಡನೆಯದರದ್ದು.

ಕೆಲಸವಿಲ್ಲದ ಸ್ಪ್ರಿಂಗ್

ಹಳೆಯ ಮಡಚುಚಾಕುವಿನಲ್ಲಿ ನಾನು ಮೊದಲು ನೋಡುವುದು ಅಲಗನ್ನಲ್ಲ, ಬೆನ್ನಿನ ಸ್ಪ್ರಿಂಗುಗಳನ್ನು. ಸಾಮಾನ್ಯವಾಗಿ ಒಂದು ಸ್ಪ್ರಿಂಗ್ ಎರಡು ತುದಿಯಲ್ಲಿ ಎರಡು ಅಲಗುಗಳನ್ನು ಹಿಡಿಯುತ್ತದೆ, ಇಲ್ಲವೇ ಉದ್ದನೆಯ ಒಂದೇ ಅಲಗನ್ನು. ಇಲ್ಲಿ ಸ್ಪ್ರಿಂಗ್ ಮೂರು. ದೊಡ್ಡ ಅಲಗು ಮತ್ತು ಚಿಕ್ಕ ಅಲಗು ಒಂದನ್ನು ಹಂಚಿಕೊಂಡಿದ್ದವು. ಗರಗಸ ಮತ್ತು ಗುಂಡಿಕೊಕ್ಕೆ ಇನ್ನೊಂದನ್ನು. ಮೂರನೆಯದಕ್ಕೆ ಕೆಲಸವೇ ಇರಲಿಲ್ಲ. ಹಿಡಿಯ ಪಟ್ಟಿಗೆ ಅಂಟಿಕೊಂಡಂತೆ, ಎಣ್ಣೆಜಿಡ್ಡು ಗಟ್ಟಿಯಾಗಿ ಕಪ್ಪಾದ ಒಂದು ಪಟ್ಟಿ ಮಾತ್ರ ಆ ಜಾಗದಲ್ಲಿ ಕಾಣುತ್ತಿತ್ತು. ಮನೆಯವರು ಅದನ್ನು ಒಳಗೋಡೆಯ ತಗಡು ಎಂದೇ ತಿಳಿದಿದ್ದರು. ನಾನೂ ಮೊದಲ ನೋಟಕ್ಕೆ ಹಾಗೇ ಅಂದುಕೊಂಡೆ. ಆದರೆ ಕೆಲಸವಿಲ್ಲದ ಸ್ಪ್ರಿಂಗನ್ನು ಯಾವ ಕಸಬುದಾರನೂ ಕೂರಿಸುವುದಿಲ್ಲ.

ಭೂತಗನ್ನಡಿ ಹಿಡಿದು ಹುಡುಕಿದರೆ, ಉಗುರು ಸಿಕ್ಕಿಸಿ ಎಳೆಯುವ ಅರ್ಧಚಂದ್ರದ ತಗ್ಗು ಕೊಳೆ ತುಂಬಿ ಮುಚ್ಚಿಹೋಗಿತ್ತು. ಅದೂ ಒಂದು ಅಲಗೇ.

ಇಕ್ಕಳದಿಂದ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಎಳೆದರೆ ಅಲಗಿನ ಬೆನ್ನಿನ ಮೇಲೆ ಇಕ್ಕಳದ ಹಲ್ಲು ಮೂಡುತ್ತದೆ, ಇಲ್ಲವೇ ತುಕ್ಕಿನಿಂದ ಬಿಗಿದ ಸ್ಪ್ರಿಂಗ್ ಮುರಿಯುತ್ತದೆ. ಮುರಿದ ಸ್ಪ್ರಿಂಗಿಗೆ ಬದಲಿ ಹಾಕಬೇಕಾದರೆ ಇಡೀ ಚಾಕು ಬಿಚ್ಚಬೇಕು. ಬಿಚ್ಚಿದ ಚಾಕು ಮತ್ತೆ ಮೊದಲಿನಂತೆ ಆಗುವುದಿಲ್ಲ. ನಾನು ಮಾಡಿದ್ದು ಇಷ್ಟೇ: ಕೀಲಿನ ಸಂದಿಗೆ ತೆಳುವಾದ ಮೆಷಿನ್ ಎಣ್ಣೆ ಒಂದೊಂದು ಹನಿ ಬಿಟ್ಟೆ, ಹಿಡಿಗೆ ತಾಗದಂತೆ ಕೀಲನ್ನು ಉಗುರುಬೆಚ್ಚಗೆ ಮಾಡಿದೆ, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಇಳಿದುಬಂದ ಕೆಂಪು ರಾಡಿ ಒರೆಸಿ ಮತ್ತೆ ಅದನ್ನೇ ಮಾಡಿದೆ. ಆರನೆಯ ದಿನ ಬಿದಿರಿನ ಸೀಳೊಂದನ್ನು ತುದಿಯ ಕೆಳಗೆ ತೂರಿಸಿ ಮೆಲ್ಲಗೆ ಮೀಟಿದಾಗ ಅಲಗು ಕೂದಲೆಳೆಯಷ್ಟು ಅಲುಗಿತು. ಅಲ್ಲಿಂದ ಪೂರ್ತಿ ತೆರೆಯಲು ಒಂದು ಗಂಟೆ ಹಿಡಿಯಿತು. ಪ್ರತಿ ಸಲ ಸ್ವಲ್ಪ ತೆರೆದು, ಎಣ್ಣೆ ಬಿಟ್ಟು, ಮತ್ತೆ ಮುಚ್ಚಿ.

ಹೊರಬಂದ ಆಕಾರ ವಿಚಿತ್ರವಾಗಿತ್ತು. ಉದ್ದಕ್ಕೂ ಚಪ್ಪಟೆ ಪಟ್ಟಿ, ಹರಿತವಾದ ಬಾಯಿಯೇ ಇಲ್ಲ. ತುದಿಯ ಬಳಿ ಮಾತ್ರ ಒಂದು ಪಕ್ಕಕ್ಕೆ ತ್ರಿಕೋನದ ಚೂಪಾದ ಹಲ್ಲೊಂದು ಚಾಚಿಕೊಂಡಿತ್ತು. ಮಾಲೀಕರಿಗೆ ಫೋಟೊ ಕಳಿಸಿದೆ. "ಮುರಿದುಹೋಗಿದೆಯಾ ಸರ್?" ಎಂದು ಕೇಳಿದರು.

ಮುರಿದಿರಲಿಲ್ಲ. ಅದು ಫ್ಲೀಮ್, ರಕ್ತ ಬಿಡಿಸುವ ಅಲಗು. ಕುದುರೆಗೆ ಜ್ವರ ಬಂದರೆ, ಗೊರಸು ಉರಿದರೆ ಮೈಯಿಂದ ರಕ್ತ ತೆಗೆಯುವುದು ಆಗಿನ ಚಿಕಿತ್ಸೆ. ಕುತ್ತಿಗೆಯ ರಕ್ತನಾಳದ ಮೇಲೆ ಈ ಹಲ್ಲನ್ನು ಇಟ್ಟು, ಬೆನ್ನಿನ ಮೇಲೆ ಮರದ ಕೋಲಿನಿಂದ ಒಂದೇ ಏಟು ಹಾಕುತ್ತಿದ್ದರು. ಹಲ್ಲು ನಿಗದಿತ ಆಳಕ್ಕಿಂತ ಹೆಚ್ಚು ಇಳಿಯದಂತೆ ಅಗಲವಾದ ಪಟ್ಟಿ ತಡೆಯುತ್ತಿತ್ತು. ಇದರಿಂದ ಎಷ್ಟು ಪ್ರಾಣಿಗಳಿಗೆ ಗುಣವಾಯಿತೋ, ಎಷ್ಟು ಸೊರಗಿದವೋ ಎಂಬುದನ್ನು ನೆನೆದರೆ ಕೈಯಲ್ಲಿ ಹಿಡಿಯಲು ಸ್ವಲ್ಪ ಕಷ್ಟವಾಗುತ್ತದೆ. 19ನೇ ಶತಮಾನ ಕಳೆದಂತೆ ಈ ಪದ್ಧತಿ ಹಿಂದೆ ಬಿತ್ತು. ಬಹುಶಃ ಅದಕ್ಕೇ ಈ ಅಲಗನ್ನು ಯಾರೂ ತೆರೆಯಲಿಲ್ಲ.

ತೆರೆಯದೆ ಬಿಟ್ಟದ್ದೇ ಒಳ್ಳೆಯದಾಯಿತು. ಅಲಗಿನ ಬುಡದಲ್ಲಿ, ಎಣ್ಣೆಜಿಡ್ಡಿನ ಪದರ ಮೆತ್ತಗೆ ಕರಗಿದ ಮೇಲೆ, ಒತ್ತುಗುರುತು ಕಾಣಿಸಿತು. ನಡುವೆ ಕಿರೀಟ, ಅತ್ತಿತ್ತ 'ವಿ' ಮತ್ತು 'ಆರ್' ಇಂಗ್ಲಿಷ್ ಅಕ್ಷರಗಳು, ಕೆಳಗೆ ರಾಜರ್ಸ್ ಹೆಸರು. ಇನ್ನೊಂದು ಮುಖದಲ್ಲಿ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ.

ಗುರುತು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಶೆಫೀಲ್ಡ್‌ನ ಚಾಕು ತಯಾರಕರ ಸಂಘಕ್ಕೆ 1624ರಲ್ಲೇ ಪಾರ್ಲಿಮೆಂಟಿನ ಕಾಯ್ದೆಯ ಬಲ ಸಿಕ್ಕಿತ್ತು. ಯಾರ ಗುರುತು ಯಾರದು ಎಂದು ಸಂಘವೇ ದಾಖಲೆ ಇಡುತ್ತಿತ್ತು. ನಕ್ಷತ್ರ ಮತ್ತು ಶಿಲುಬೆಯ ಗುರುತು 1682ರಲ್ಲಿ ಕೊಟ್ಟದ್ದು, ರಾಜರ್ಸ್ ಕಂಪನಿಯ ಕೈಯಲ್ಲಿ ಅದು ಲೋಕಪ್ರಸಿದ್ಧವಾಯಿತು. 'ವಿ ಆರ್' ಎಂದರೆ ವಿಕ್ಟೋರಿಯಾ ರಾಣಿ, 1837ರಿಂದ 1901. ಅರವತ್ನಾಲ್ಕು ವರ್ಷದ ಕಿಟಕಿ ದಿನಾಂಕ ಹೇಳಲು ತುಂಬ ಅಗಲವಾಯಿತು. ಆದರೂ ನಿಲ್ಲಲು ಒಂದು ನೆಲ ಸಿಕ್ಕಿತು.

ಪ್ರಸಿದ್ಧ ಗುರುತಿಗೆ ಕಳ್ಳನಕಲೂ ಹೆಚ್ಚು. ರಾಜರ್ಸ್ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ನಡುವೆ 'ಡಿ' ಅಕ್ಷರವಿದೆ. ಅದನ್ನು ಬಿಟ್ಟು ಹೆಚ್ಚುಕಡಿಮೆ ಅದೇ ಹೆಸರು ಒತ್ತಿದ ಅಗ್ಗದ ಚಾಕುಗಳು ಆ ಕಾಲದಲ್ಲೇ ಇದ್ದವು. ಇಲ್ಲಿ 'ಡಿ' ಇತ್ತು. ಹತ್ತು ಪಟ್ಟು ಮಸೂರದಲ್ಲಿ ನೋಡಿದರೆ ಅಕ್ಷರಗಳ ಅಂಚು ಮೃದುವಾಗಿ ಸವೆದಿತ್ತು, ಅಕ್ಷರದ ತಳದ ಬಣ್ಣವೂ ಸುತ್ತಲಿನ ಉಕ್ಕಿನ ಬಣ್ಣವೂ ಒಂದೇ ಬೂದುಗಪ್ಪು. ಮೊನ್ನೆ ಮೊನ್ನೆ ಕೊರೆದ ಗುರುತಾದರೆ ತಳ ಬೆಳ್ಳಗೆ ಹೊಳೆಯುತ್ತದೆ, ಅಥವಾ ಆಮ್ಲದಿಂದ ಸುಟ್ಟ ಒರಟುತನ ಕಾಣುತ್ತದೆ. ಚಿಕ್ಕ ಅಲಗಿನ ಬುಡದಲ್ಲೂ ಇದೇ ಹೆಸರು, ಮಸುಕಾಗಿ.

ದೊಡ್ಡ ಅಲಗಿನ ಸರದಿ ಬಂದಾಗ ನನಗೆ ನಿಜಕ್ಕೂ ನೋವಾಯಿತು. ನನ್ನ ಬಳಿ ತರುವ ಮುಂಚಿನ ದಿನ ಅವರು ಅದನ್ನು ಉಪ್ಪುಕಾಗದದಿಂದ ಉಜ್ಜಿದ್ದರು. "ತೋರಿಸೋಕೆ ಚೆನ್ನಾಗಿರಲಿ ಅಂತ ಸರ್," ಎಂದರು, ಒಳ್ಳೆಯ ಮನಸ್ಸಿನಿಂದಲೇ. ಅಲಗು ಫಳಫಳ ಎನ್ನುತ್ತಿತ್ತು. ಬುಡದ ಗುರುತಿನಲ್ಲಿ ಮೊದಲ ಸಾಲು ಪೂರ್ತಿ ಅಳಿಸಿತ್ತು. ಕೆಳಸಾಲಿನ ಕೊನೆಯ ಐದು ಅಕ್ಷರ ಮಾತ್ರ ಓರೆಬೆಳಕಿನಲ್ಲಿ ಓದಲು ಬರುತ್ತಿತ್ತು. ಅವು ಇಂಗ್ಲಿಷಿನ 'ಇಂಗ್ಲೆಂಡ್' ಪದದ ಬಾಲ.

ಅಮೆರಿಕದ 1890ರ ಮೆಕಿನ್ಲೆ ಸುಂಕ ಕಾಯ್ದೆಯ ಪ್ರಕಾರ, 1891ರ ಮಾರ್ಚ್ ತಿಂಗಳಿನಿಂದ ಆ ದೇಶಕ್ಕೆ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕಾಯಿತು. ಹಾಗಾಗಿ ಚಾಕುವಿನ ಮೇಲೆ ದೇಶದ ಹೆಸರು ಕಂಡರೆ ಅದು ಬಹುಮಟ್ಟಿಗೆ 1891ರ ಈಚಿನದು ಎಂದು ಹಿಡಿಯುತ್ತೇವೆ. ಇದನ್ನು ತಿರುಗಿಸಿ ಬಳಸಬಾರದು. ಹೆಸರು ಇಲ್ಲದ್ದರಿಂದ ಹಳೆಯದು ಎನ್ನುವಂತಿಲ್ಲ, ಸ್ವದೇಶದಲ್ಲಿ ಮಾರಿದ ಚಾಕುವಿಗೆ ಆ ಕಾಯ್ದೆಯ ಹಂಗೇ ಇರಲಿಲ್ಲ. ಮಾರಾಟದ ವಿವರಣೆಗಳಲ್ಲಿ ಈ ತಪ್ಪನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ.

ಹಾಗಾದರೆ ಇಡೀ ಚಾಕುವೇ 1891ರ ನಂತರದ್ದೇ, ಅಥವಾ ದೊಡ್ಡ ಅಲಗು ಮಾತ್ರವೇ? ಉತ್ತರ ಸಿಕ್ಕಿದ್ದು ಕೀಲಿನಲ್ಲಿ.

ಅಲಗು ತಿರುಗುವ ಮೊಳೆ ತುದಿಯ ಜರ್ಮನ್ ಸಿಲ್ವರ್ ಕಟ್ಟಿನ ಮೂಲಕ ಹಾದುಹೋಗುತ್ತದೆ. ಒಳ್ಳೆಯ ಕೆಲಸಗಾರ ಮೊಳೆಯನ್ನೂ ಅದೇ ಲೋಹದಲ್ಲಿ ಮಾಡಿ, ಬಡಿದು ಹರಡಿ, ಉಜ್ಜಿ ಸಮಮಾಡಿದರೆ ಅದು ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಚಿಕ್ಕ ಅಲಗಿನ ತುದಿಯಲ್ಲಿ ಹಾಗೇ ಇತ್ತು. ಎಷ್ಟು ಓರೆಬೆಳಕು ಹಾಕಿದರೂ ಮೊಳೆಯ ಸುಳಿವಿಲ್ಲ. ದೊಡ್ಡ ಅಲಗಿನ ತುದಿಯಲ್ಲಿ ಅಕ್ಕಿಕಾಳಿನ ಅಗಲದ, ತುಸು ಹಳದಿಯಾದ ವೃತ್ತ ಸ್ಪಷ್ಟವಾಗಿತ್ತು, ಸುತ್ತ ಸುತ್ತಿಗೆಯ ಸಣ್ಣ ಏಟುಗಳ ತಗ್ಗು. ಕ್ಯಾಲಿಪರ್ ಹಿಡಿದೆ. ಅಲಗಿನ ಬುಡದ ದಪ್ಪ 2.1 ಮಿಲಿಮೀಟರ್, ಅದು ಕೂರಬೇಕಾದ ಜಾಗ 2.6. ನಡುವಿನ ಅರ್ಧ ಮಿಲಿಮೀಟರನ್ನು ತುಂಬಲು ಹಿತ್ತಾಳೆಯ ತೆಳು ಬಿಲ್ಲೆಯೊಂದನ್ನು ಕತ್ತರಿಸಿ ಹಾಕಿದ್ದರು. ಕತ್ತರಿಯ ಗುರುತು ಬಿಲ್ಲೆಯ ಅಂಚಿನಲ್ಲಿ ಇನ್ನೂ ಇತ್ತು.

ದೊಡ್ಡ ಅಲಗು ಬೇರೆ ಚಾಕುವಿನದು. ಯಾವಾಗಲೋ, 1891ರ ನಂತರ, ಮುರಿದ ಅಲಗಿನ ಜಾಗಕ್ಕೆ ಕೈಗೆ ಸಿಕ್ಕಿದ್ದನ್ನು ಹೊಂದಿಸಿ ಕೂರಿಸಿದ್ದಾರೆ.

ಇದನ್ನು ಮೋಸ ಎನ್ನಬೇಕೇ? ನಾನು ಹಾಗೆ ಬರೆಯಲಿಲ್ಲ. ಅಲಗನ್ನು ಮಡಚಿ ನೋಡಿದರೆ ಬಾಯಿ ಹಿಡಿಯೊಳಗೆ ಆಳಕ್ಕೆ ಮುಳುಗುತ್ತಿತ್ತು. ಬುಡದ ಬಳಿ ಸಾಣೆಕಲ್ಲು ಮುಟ್ಟದ ಜಾಗಕ್ಕೂ ನಡುವಿನ ಜಾಗಕ್ಕೂ ಅಗಲದಲ್ಲಿ ಮೂರನೇ ಒಂದು ಭಾಗ ವ್ಯತ್ಯಾಸ. ಅಂದರೆ ಬದಲಾಯಿಸಿದ ಮೇಲೆ ಈ ಅಲಗನ್ನು ವರ್ಷಗಟ್ಟಲೆ ಮಸೆದು ಬಳಸಿದ್ದಾರೆ. ಮಾರಿ ಏಮಾರಿಸಲು ಅಲಗು ಹಾಕಿದವನು ಅದನ್ನು ಹೀಗೆ ಸವೆಸುವುದಿಲ್ಲ. ಇದು ಚಾಕು ಬೇಕಿದ್ದವನ ರಿಪೇರಿ.

ವರ್ಷಗಳ ಕಿಟಕಿಯನ್ನು ಕಿರಿದುಮಾಡುವುದು

ಉಳಿದ ಭಾಗಗಳ ಕಾಲ ಎಷ್ಟು? ಗೊರಸಿನ ಕೊಕ್ಕೆಯ ಬುಡದಲ್ಲಿ ಎರಡು ಅರೆವೃತ್ತದ ಕಚ್ಚುಗಳಿದ್ದವು, ಪಕ್ಕದಲ್ಲಿ 12 ಮತ್ತು 16 ಎಂಬ ಅಂಕಿ, ಬಂದೂಕಿನ ನಳಿಗೆಯ ಅಳತೆಗಳು. ಬಂದೂಕಿನ ನಳಿಗೆಯಲ್ಲಿ ಸಿಕ್ಕಿಕೊಂಡ ಖಾಲಿ ತೋಟಾವನ್ನು ಅದರ ಅಂಚು ಹಿಡಿದು ಎಳೆಯಲು ಮಾಡಿದ್ದು. ಹಿಂದಿನಿಂದ ತೋಟಾ ತುಂಬುವ ಬೇಟೆ ಬಂದೂಕು ಇಂಗ್ಲೆಂಡಿನಲ್ಲಿ ಬೇರೂರಿದ್ದು 1851ರ ಪ್ರದರ್ಶನದಲ್ಲಿ ಫ್ರಾನ್ಸಿನ ಲೆಫೋಶೆ ಬಂದೂಕು ಕಾಣಿಸಿಕೊಂಡ ಮೇಲೆ. ಅವು ಪಕ್ಕದಲ್ಲಿ ಕಡ್ಡಿ ಚಾಚಿಕೊಂಡ ತೋಟಾಗಳು, ಆ ಕಡ್ಡಿಯನ್ನೇ ಹಿಡಿದು ಎಳೆಯಬಹುದಿತ್ತು. ಕಡ್ಡಿಯಿಲ್ಲದ, ನಡುವೆ ಕಿಡಿ ಹೊತ್ತುವ ತೋಟಾ ಬಳಕೆಗೆ ಬಂದದ್ದು 1860ರ ದಶಕದಲ್ಲಿ. ಅಂಚು ಹಿಡಿಯುವ ಕಚ್ಚು ಹೆಚ್ಚು ಒಪ್ಪುವುದು ಅದಕ್ಕೆ.

ಹೀಗೆ ಒಂದು ತುದಿಯಲ್ಲಿ ಬಂದೂಕಿನ ಕಚ್ಚು ಚಾಕುವನ್ನು 1860ರ ಈಚೆಗೆ ತಳ್ಳುತ್ತದೆ. ಇನ್ನೊಂದು ತುದಿಯಲ್ಲಿ ರಕ್ತ ಬಿಡಿಸುವ ಅಲಗು ಶತಮಾನದ ಕೊನೆಯಿಂದ ಹಿಂದಕ್ಕೆ ಎಳೆಯುತ್ತದೆ. ಹಳೆಯ ಚಿಕಿತ್ಸೆ, ಹೊಸ ಬಂದೂಕು, ಎರಡೂ ಒಂದೇ ಹಿಡಿಯಲ್ಲಿ. ಈ ಚಾಕುವನ್ನು ಅಪರೂಪವಾಗಿಸುವುದು ಇದೇ. ಕೊಕ್ಕೆಯ ಮೊಳೆಯೂ ಫ್ಲೀಮಿನ ಮೊಳೆಯೂ ಮೂಲದವೇ ಎಂದು ಖಚಿತಪಡಿಸಿಕೊಂಡ ಮೇಲೆ, 'ಸುಮಾರು 1860ರಿಂದ 1880' ಎಂದು ಬರೆದೆ.

ಹಿಡಿಯ ಪಟ್ಟಿಯನ್ನು ತಂಗಿ ಆನೆದಂತ ಎಂದಿದ್ದರಂತೆ, ಅಣ್ಣ ಪ್ಲಾಸ್ಟಿಕ್ ಎಂದು. ಎರಡೂ ಅಲ್ಲ. ದಂತದಲ್ಲಿ ಅಡ್ಡಸೀಳಿನ ಕಡೆ ಒಂದನ್ನೊಂದು ಕತ್ತರಿಸುವ ಬಾಗುಗೆರೆಗಳ ಬಲೆ ಇರುತ್ತದೆ. ಮೂಳೆಯಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕೆ, ಗೀರು. ಸೆಲ್ಯುಲಾಯ್ಡ್‌ನಲ್ಲಿ ಅಚ್ಚುಹಾಕಿದಂತೆ ಒಂದೇ ಸಮನಾದ ಪಟ್ಟೆ, ಬೆರಳಿನಿಂದ ಉಜ್ಜಿದರೆ ಕರ್ಪೂರದ ವಾಸನೆ. ಇಲ್ಲಿದ್ದದ್ದು ಸಹಜ ಉಬ್ಬುತಗ್ಗು, ಎರಡು ಪಕ್ಕದಲ್ಲಿ ಎರಡು ಬಗೆ, ಒಂದಕ್ಕೊಂದು ಹೋಲಿಕೆಯಿಲ್ಲ. ಅಂಚಿನಲ್ಲಿ ನೋಡಿದರೆ ಒಳಭಾಗದಲ್ಲಿ ತುಸು ಜಾಳು. ಇದು ಜಿಂಕೆ ಜಾತಿಯ ಕೊಂಬು. ಶೆಫೀಲ್ಡ್‌ನವರು ಹಿಡಿಗೆ ಬಹಳ ಬಳಸಿದ್ದು ಭಾರತದಿಂದ ಹಡಗಿನಲ್ಲಿ ಹೋದ ಕಡವೆಯ ಕೊಂಬನ್ನು, ಏಕೆಂದರೆ ಅದರ ಗೋಡೆ ದಪ್ಪ, ಒಳಗಿನ ಜಾಳು ಕಡಿಮೆ. ಕಾದ ಸೂಜಿ ಚುಚ್ಚಿ ಪರೀಕ್ಷಿಸಿ ಎಂದು ಸಲಹೆ ಕೊಡುವವರಿದ್ದಾರೆ, ದಯವಿಟ್ಟು ಯಾರೂ ಮಾಡಬೇಡಿ. ವಸ್ತು ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗನೆ ಉರಿಯುತ್ತದೆ, ಅಲ್ಲದಿದ್ದರೆ ಶಾಶ್ವತವಾದ ತೂತು ಉಳಿಯುತ್ತದೆ.

ಬೆಲೆ ಕಟ್ಟುವುದು

ಬೆಲೆ ಎಷ್ಟು ಎಂಬ ಪ್ರಶ್ನೆಗೆ ಮೊದಲು ಕೇಳಬೇಕಾದ ಮರುಪ್ರಶ್ನೆ: ಯಾವ ಬೆಲೆ? ವಿಮೆಗೆ ಬರೆಯುವುದು ಇಂಥದ್ದನ್ನೇ ಮತ್ತೆ ಅಂಗಡಿಯಲ್ಲಿ ಕೊಳ್ಳಲು ತಗಲುವ ಮೊತ್ತ. ಅದು ಎತ್ತರದ್ದು. ಹರಾಜಿನಲ್ಲಿ ಸಿಗುವುದು ಅದಕ್ಕಿಂತ ಕಡಿಮೆ. ವ್ಯಾಪಾರಿ ಕೈಯಲ್ಲಿ ಕೊಡುವುದು ಇನ್ನೂ ಕಡಿಮೆ, ಅವನ ಬಾಡಿಗೆ ಮತ್ತು ಕಾಯುವ ಕಾಲ ಅದರಲ್ಲೇ ಹುಟ್ಟಬೇಕು. ಮೂವರು ಹಂಚಿಕೊಳ್ಳುವಾಗ ನ್ಯಾಯವಾದದ್ದು ಹರಾಜಿನ ಅಂದಾಜು, ಅದರಲ್ಲೂ ಹರಾಜು ಸಂಸ್ಥೆಯ ಕಮಿಷನ್ ಕಳೆದು ಕೈಗೆ ಬರುವಷ್ಟು.

ತಂಗಿ ನೋಡಿದ್ದು ಯಾರೋ ಕೇಳಿದ ಬೆಲೆ. ಕೇಳಲು ಯಾರ ಅಪ್ಪಣೆಯೂ ಬೇಡ. ನಾನು ಲೆಕ್ಕಕ್ಕೆ ಹಿಡಿದದ್ದು ನಿಜವಾಗಿ ಮಾರಾಟವಾದ, ಇದೇ ತಯಾರಕರ, ಇದೇ ಬಗೆಯ ಕುದುರೆಸವಾರರ ಚಾಕುಗಳನ್ನು ಮಾತ್ರ. ಅವುಗಳಲ್ಲಿ ಎಲ್ಲ ಭಾಗ ಮೂಲದ್ದೇ ಆಗಿದ್ದವುಗಳ ಬೆಲೆಯನ್ನು ಮೇಲ್ಮಟ್ಟವಾಗಿ ಇಟ್ಟುಕೊಂಡು ಅಲ್ಲಿಂದ ಇಳಿದೆ. ಮುಖ್ಯ ಅಲಗು ಬೇರೆಯದು, ಒಂದೇ ಏಟಿಗೆ ಅರ್ಧ ಹೋಯಿತು. ಸಂಗ್ರಾಹಕರು ಇದರಲ್ಲಿ ಕರುಣೆ ತೋರುವುದಿಲ್ಲ, ನನಗೂ ಅದು ಸರಿಯೆನಿಸುತ್ತದೆ. ಹಲ್ಲುಕಡ್ಡಿ ಇಲ್ಲ, ಕೊಂಬಿನ ಪಟ್ಟಿಯೊಂದರಲ್ಲಿ ಮೊಳೆಯಿಂದ ಹೊರಟ ಕೂದಲು ಬಿರುಕು, ಗರಗಸದ ಸ್ಪ್ರಿಂಗ್ ಸಡಿಲ: ಇವಕ್ಕೆ ಸ್ವಲ್ಪ. ಉಪ್ಪುಕಾಗದದ ಗೀರಿಗೆ ಹೆಚ್ಚೇನೂ ಕಳೆಯಲಿಲ್ಲ, ಆ ಅಲಗು ಹೇಗೂ ಮೂಲದ್ದಲ್ಲ. ಕಳೆದುಹೋದದ್ದು ಬೇರೆ: ಅಳಿಸಿದ ಮೇಲಿನ ಸಾಲಿನಲ್ಲಿ ಆ ಅಲಗಿನ ತಯಾರಕನ ಹೆಸರಿದ್ದಿರಬೇಕು. ಅದಿದ್ದರೆ ರಿಪೇರಿಯ ಕಾಲವನ್ನೂ ಹೇಳಬಹುದಿತ್ತು.

ಮತ್ತೆ ಮೇಲೆ ಹತ್ತಿಸಿದ್ದು ಫ್ಲೀಮ್. ಸಾಣೆ ಕಾಣದ, ಹಲ್ಲು ಪೂರ್ತಿ ಉಳಿದ, ಗುರುತು ಸ್ಪಷ್ಟವಾದ ಫ್ಲೀಮ್ ತೋಟಾ ಕಚ್ಚಿನ ಜೊತೆ ಒಂದೇ ಚಾಕುವಿನಲ್ಲಿ ಇರುವುದಕ್ಕೆ ಕಳೆದದ್ದರ ಮೂರನೇ ಒಂದರಷ್ಟನ್ನು ವಾಪಸು ಸೇರಿಸಿದೆ. ಇದು ನನ್ನ ತೀರ್ಮಾನ. ಇನ್ನೊಬ್ಬ ಪರಿಣತ ಕಾಲುಭಾಗ ಎಂದಾನು, ವಾದಿಸಲಾರೆ.

ಕರಡು ವರದಿ ಓದಿ ಮಾಲೀಕರು ಫೋನ್ ಮಾಡಿದರು. ಧ್ವನಿಯಲ್ಲಿ ಸಂಕೋಚವಿತ್ತು.

"ಸರ್, ತಪ್ಪು ತಿಳ್ಕೋಬೇಡಿ. ದೊಡ್ಡ ಅಲಗು ಬದಲಾಗಿದೆ ಅನ್ನೋ ಆ ಒಂದು ಸಾಲು ಬೇಕೇ ಬೇಕಾ? ಯಾರಿಗೂ ಗೊತ್ತಾಗಲ್ಲ ಅಲ್ವಾ?"

"ನನಗೆ ಗೊತ್ತಾಯ್ತಲ್ಲ. ನಾಳೆ ಕೊಳ್ಳೋರಿಗೂ ಗೊತ್ತಾಗುತ್ತೆ. ಆಗ ಅವರು ಫ್ಲೀಮನ್ನೂ ನಂಬೋದಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ಆ ಅಲಗು ತೆಗೆಸಿ ಆ ಕಾಲದ್ದೇ ಹಾಕ್ಸಿದ್ರೆ?" ಎಂದರು. ಅದಕ್ಕೂ ಬೇಡ ಎಂದೆ. ಮೊಳೆ ಕೊರೆದು ತೆಗೆದರೆ ಇಷ್ಟು ವರ್ಷ ಗಟ್ಟಿಯಾಗಿ ನಿಂತ ಕಟ್ಟು ಸಡಿಲವಾಗುತ್ತದೆ, ಮತ್ತೊಂದು ಚಾಕುವಿನ ಅಲಗು ಬಂದರೆ ಅದೂ ಮೂಲದ್ದಾಗುವುದಿಲ್ಲ. ಈಗಿರುವ ರಿಪೇರಿಗಾದರೂ ಒಂದು ಬದುಕಿದೆ. ವರದಿಯ ಸಾಲು ಹಾಗೇ ಉಳಿಯಿತು. ಜೊತೆಗೆ ಮೊಳೆಯ ವೃತ್ತ, ಹಿತ್ತಾಳೆ ಬಿಲ್ಲೆ ಮತ್ತು ಎರಡು ಬುಡಗಳ ಗುರುತಿನ ಫೋಟೊಗಳನ್ನು ಅಳತೆಪಟ್ಟಿ ಇಟ್ಟು ತೆಗೆದು ಸೇರಿಸಿದೆ.

ಚಾಕುವಿಗೆ ತೆಳುವಾಗಿ ಎಣ್ಣೆ ಸವರಿ, ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಚರ್ಮದ ಚೀಲ ಬೇಡ, ಹದಮಾಡಿದ ಚರ್ಮದ ರಾಸಾಯನಿಕ ಹಿತ್ತಾಳೆಗೂ ಉಕ್ಕಿಗೂ ಒಗ್ಗುವುದಿಲ್ಲ. ಸೆಲ್ಯುಲಾಯ್ಡ್ ಹಿಡಿಯ ಚಾಕುಗಳ ಜೊತೆ ಒಂದೇ ಪೆಟ್ಟಿಗೆಯಲ್ಲೂ ಬೇಡ, ಅವು ಹಳತಾದಂತೆ ಬಿಡುವ ಆಮ್ಲದ ಆವಿ ಪಕ್ಕದವನ್ನೂ ತಿನ್ನುತ್ತದೆ.

ಕೆಲವು ತಿಂಗಳ ನಂತರ ಚಾಕು ಹರಾಜಿಗೆ ಹೋಯಿತು, ವರದಿಯ ಜೊತೆಗೇ. ಕೊಂಡವರು ಹಳೆಯ ಪಶುವೈದ್ಯ ಉಪಕರಣಗಳನ್ನು ಕೂಡಿಸುವವರು, ಚಾಕು ಸಂಗ್ರಾಹಕರಲ್ಲ. ಅಂದಾಜಿನ ಮೇಲ್ತುದಿಗೆ ಹತ್ತಿರದ ಬೆಲೆ ಕೊಟ್ಟರು. ಹರಾಜಿಗೆ ಮುಂಚೆ ಅವರು ನನಗೆ ಬರೆದು ಕೇಳಿದ್ದು ಒಂದೇ: ಹಿತ್ತಾಳೆ ಬಿಲ್ಲೆಯ ಫೋಟೊ ಇನ್ನಷ್ಟು ಹತ್ತಿರದಿಂದ ತೆಗೆದದ್ದು ಇದೆಯೇ ಎಂದು.